ಕೌಜುಗದ ಜಂಬ

ಅಹಮದಾಬಾದಿನಲ್ಲಿ ಹಕ್ಕಿ ಬೇಟೆಯ ಮಾತೆತ್ತುವ ಮುನ್ನ ಅಕ್ಕಪಕ್ಕ ನೋಡಿಕೊಳ್ಳುವುದು ಒಳ್ಳೆಯದು. ಹಳೆ ಊರಿನ ಪೋಳ್ ಎಂಬ ಕೇರಿಗಳಲ್ಲಿ ಹಕ್ಕಿಗಳಿಗೆಂದೇ ಚಬೂತರೊ ಕಟ್ಟಿಸಿಟ್ಟ ಜನ ಅವರು: ಕಂಬದ ತುದಿಗೊಂದು ಕೆತ್ತನೆಯ ಮಂಟಪ, ಬೆಳಗಾದರೆ ಅದರ ತುಂಬ ಕಾಳು. ಬಾಡಿಗೆಗೆ ಮನೆ ಕೇಳಹೋದವರನ್ನು ‘ಏನು ತಿನ್ನುತ್ತೀರಿ’ ಎಂದು ವಿಚಾರಿಸದೆ ಬಿಡದವರು, ಪಾರಿವಾಳವನ್ನು ಮಾತ್ರ ಏನೂ ಕೇಳದೆ ಒಳಗೆ ಬಿಟ್ಟುಕೊಂಡಿದ್ದಾರೆ.

ವಡೋದರದಿಂದ ಹೊರಬಿದ್ದು ಹತ್ತಿ ಹೊಲಗಳ ಕಡೆ ನಡೆದರೆ ಬೇರೆಯೇ ಹಕ್ಕಿ. ಜಾಲಿಮುಳ್ಳಿನ ಬೇಲಿಯಾಚೆಯಿಂದ ‘ಕತೀತರ್, ಕತೀತರ್’ ಎಂದು ಬೆಳ್ಳಂಬೆಳಗ್ಗೆ ಗದ್ದಲವೆಬ್ಬಿಸುವುದು ನಮ್ಮ ಕೌಜುಗ. ರೆಕ್ಕೆಯಿದ್ದರೂ ಹಾರುವ ಉಮೇದಿಲ್ಲ. ಸಾಲುಗಳ ನಡುವೆ ಕತ್ತು ನೆಟ್ಟಗೆ ಮಾಡಿಕೊಂಡು ಓಡುತ್ತದೆ; ನಾವು ತೀರಾ ಕಾಲಬುಡಕ್ಕೆ ಬಂದಾಗ ಭರ್ರನೆ ಎದ್ದು, ನಮ್ಮ ಎದೆ ಝಲ್ಲೆನಿಸಿ, ಸ್ವಲ್ಪ ದೂರದಲ್ಲೇ ಮತ್ತೆ ಇಳಿದು ಓಡುತ್ತದೆ.

ವಡೋದರ ಇನ್ನೂ ಬರೋಡಾ ಆಗಿದ್ದಾಗ ಅದನ್ನಾಳಿದ ಗಾಯಕವಾಡರು ಕೃಷ್ಣಮೃಗದ ಮೇಲೆ ಪಳಗಿಸಿದ ಚೀತಾ ಬಿಡುತ್ತಿದ್ದವರು. ದೊಡ್ಡ ಬೇಟೆಗೆ ಫೋಟೋ ಇರುತ್ತದೆ, ಗೋಡೆಯ ಮೇಲೆ ಕೊಂಬಿರುತ್ತದೆ. ಕೌಜುಗದ ತಲೆಯನ್ನು ಯಾರು ಗೋಡೆಗೆ ಹೊಡೆಸುತ್ತಾರೆ? 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ಇಂಥ ಚಿಲ್ಲರೆ ಬೇಟೆಗೆ ಪರವಾನಗಿಯ ದಾರಿಯಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು.

ಈ ಹಕ್ಕಿಯನ್ನು ಹಿಡಿಯುವುದು ಹೇಗೆಂದು ನಾನು ತಿಳಿದದ್ದು ಗುಜರಾತಿನಲ್ಲಲ್ಲ, ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಲ್ಲಿ. ಹಕ್ಕಿ ಹಿಡಿಯುವುದೇ ಕಸುಬಾಗಿದ್ದ ಅಲ್ಲಿನ ಹಕ್ಕಿಪಿಕ್ಕಿಗಳು ಮನೆಯೊಳಗೆ ಆಡುವ ವಾಗ್ರಿ ಗುಜರಾತಿಯ ಹತ್ತಿರದ ನಂಟು. ಅವರ ಒಂದು ಪಂಗಡದ ಹೆಸರೇ ಗುಜರಾತಿಯಾ. ಬೇಟೆ ನಿಂತ ಮೇಲೆ ಅವರಲ್ಲಿ ಅನೇಕರು ತಲೆಗೂದಲಿನ ಎಣ್ಣೆ ಹಿಡಿದು ಆಫ್ರಿಕಕ್ಕೇ ಹೊರಟರು. 2023ರ ಏಪ್ರಿಲ್‌ನಲ್ಲಿ ಸುಡಾನಿನ ಕಾಳಗದ ನಡುವೆ ಸಿಕ್ಕಿಕೊಂಡು ಪತ್ರಿಕೆಗಳ ಮುಖಪುಟಕ್ಕೆ ಬಂದವರು ಇವರೇ.

ಅಲ್ಲಿನ ಅಜ್ಜ ಹೇಳಿದ್ದು ಇಷ್ಟು. ಪಳಗಿಸಿದ ಗಂಡು ಕೌಜುಗವನ್ನು ಪಂಜರದಲ್ಲಿಟ್ಟು ಹೊಲದ ಬದುವಿಗೆ ಇಳಿಸಬೇಕು. ಅದು ದೀಮದ ಹಕ್ಕಿ. ಸುತ್ತ ಸಣ್ಣ ಗೂಟ, ಗೂಟಕ್ಕೆ ಕುದುರೆ ಬಾಲದ ಕೂದಲಿನ ಕುಣಿಕೆ. ಪಂಜರದ್ದು ಒಂದು ಸಲ ಕೂಗಿದರೆ ಸಾಕು, ಆ ಹೊಲದ ಯಜಮಾನನಿಗೆ ತಡೆಯುವುದಿಲ್ಲ. ಕಾಳಿಗಾಗಿ ಅಲ್ಲ, ಜಗಳಕ್ಕಾಗಿಯೇ ನುಗ್ಗಿ ಬಂದು ಕುಣಿಕೆಗೆ ಕಾಲು ಕೊಡುತ್ತದೆ.

“ಅಷ್ಟು ಜಂಬವಾ ಅದಕ್ಕೆ?” ಎಂದೆ.

“ನಿಮ್ಮೋರು ಒಂದು ಗೇಣು ಬದುವಿಗೆ ಕೋರ್ಟಿಗೆ ಹೋಗಾಕಿಲ್ವಾ ಸಾಮಿ? ಅಂಗೇಯ.”

ಕಾಳು ಹಾಕುವವರಿಗಿಂತ ಕುಣಿಕೆ ಹಾಕುವವರೇ ಹಕ್ಕಿಯನ್ನು ಹೆಚ್ಚು ಬಲ್ಲರು ಎಂದು ನನಗೆ ಆಗಲೇ ಅನ್ನಿಸಿತು. ಗುಜರಾತಿನಲ್ಲಿ ಹೇಳಲು ಮಾತ್ರ ಧೈರ್ಯ ಬಂದಿಲ್ಲ.

ಉತ್ತರಾಯಣದ ಹೊತ್ತಿಗೆ ಸೂರತ್‌ನ ಬೀದಿಬದಿಯಲ್ಲಿ ಗಾಳಿಪಟದ ಮಾಂಜಾ ತಯಾರಾಗುವುದನ್ನು ನೋಡಬೇಕು. ದೊಡ್ಡ ರಾಟೆಗಳ ನಡುವೆ ಎಳೆದ ದಾರಕ್ಕೆ ಗಾಜಿನ ಪುಡಿ ಬೆರೆಸಿದ ಗುಲಾಬಿ ಬಣ್ಣದ ಲೇಪ. ಹಚ್ಚುವವನ ಬೆರಳುಗಳಿಗೆಲ್ಲ ಪಟ್ಟಿ. ಜನವರಿ 14ರಂದು ಇದೇ ದಾರ ಆಕಾಶಕ್ಕೇರುತ್ತದೆ. ಅಜ್ಜನ ಕುಣಿಕೆಗೆ ತನಗೆ ಬೇಕಾದ ಹಕ್ಕಿ ಯಾವುದೆಂದು ಗೊತ್ತಿತ್ತು, ಈ ದಾರಕ್ಕೆ ಅಷ್ಟೂ ತಿಳಿಯದು. ದಾರ ತಗಲಿ ಗಾಯಗೊಂಡ ಹಕ್ಕಿಗಳ ಆರೈಕೆಗೆ ಸರ್ಕಾರವೇ ವರ್ಷವರ್ಷ ‘ಕರುಣಾ ಅಭಿಯಾನ’ ನಡೆಸುತ್ತದೆ.

ಇರುವೆಗೂ ಸಕ್ಕರೆ ಹಾಕುವ ನಮ್ಮ ಪಕ್ಕದ ಮನೆಯ ಬೆನ್ ಒಮ್ಮೆ ರೆಕ್ಕೆ ಕುಯ್ದುಕೊಂಡ ಪಾರಿವಾಳವನ್ನು ಚಪ್ಪಲಿ ಡಬ್ಬಿಯಲ್ಲಿ ಮಲಗಿಸಿ, ಸ್ಕೂಟರಿನಲ್ಲಿ ಆ ಅಭಿಯಾನದ ಶಿಬಿರಕ್ಕೆ ಒಯ್ದು ಕೊಟ್ಟು ಬಂದರು. ಕಣ್ಣಲ್ಲಿ ನೀರಿತ್ತು. ಕೈ ತೊಳೆದು, ಉಂಧಿಯು ಉಂಡು, ಪುನಃ ತಾರಸಿ ಹತ್ತಿದವರು ಸ್ವಲ್ಪ ಹೊತ್ತಿಗೇ ಎದುರು ಮನೆಯವರ ಪಟ ಕತ್ತರಿಸಿ ಬೀದಿಗೆಲ್ಲ ಕೇಳುವಂತೆ ಕೂಗಿದರು: “ಕಾಯ್‌ಪೋ ಛೇ!”