ಎಂಬತ್ತೇಳರಲ್ಲಿ ಒಂದು ಪಾಲು ಘಟ್ಟ

ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್‌ಗಳ ಮೊದಲ ತಂಡ 1999ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನಿಂದ ಭಾರತಕ್ಕೆ ಬಂತು. ಹುಬ್ಬಳ್ಳಿ ಶೆಡ್ ಅವುಗಳ ತವರಾಯಿತು. ಒಂದೊಂದರ ತೂಕ 126 ಟನ್, ಬಲ 4,000 ಅಶ್ವಶಕ್ತಿ. ಗೋವಾದ ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗೆ 26 ಕಿ.ಮೀ. ಬ್ರಗಾಂಜಾ ಘಾಟ್, 37 ಮೀಟರ್ ಸಾಗಿದರೆ ಒಂದು ಮೀಟರ್ ಏರು. ಮರ್ಮಗೋವಾ ಬಂದರಿನ ಕಲ್ಲಿದ್ದಲನ್ನು ಮುಂದಿನಿಂದ ಎಳೆದು, ಹಿಂದಿನಿಂದ ಬ್ಯಾಂಕರ್ ಆಗಿ ತಳ್ಳಿ ಮೇಲೆ ಮುಟ್ಟಿಸಿದ ಎಂಜಿನ್ ಇದು. ಇಂಥದ್ದನ್ನು ಪುಟ್ಟ ಮಾದರಿಯಾಗಿ ಮೇಜಿಗೇರಿಸುವ ಹವ್ಯಾಸಿಯ ಪಾಡು ಬೇರೆಯೇ.

ಎಚ್‌ಒ ಎಂಬ ಜನಪ್ರಿಯ ಅಳತೆಯಲ್ಲಿ ಎಲ್ಲವೂ 87ರಲ್ಲಿ ಒಂದು ಪಾಲು. 21 ಮೀಟರಿನ ಎಂಜಿನ್ 24 ಸೆಂ.ಮೀ. ಆಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 126 ಟನ್ ಇಳಿದು ನಿಲ್ಲುವುದು 191 ಗ್ರಾಂಗೆ, ಅಂದರೆ ಎರಡು ಈರುಳ್ಳಿಯ ತೂಕಕ್ಕೆ. ಅಷ್ಟು ಹಗುರವಾದರೆ ಗಾಲಿ ಜಾರುತ್ತದೆ. ಹಾಗಾಗಿ ಒಳಗೆ ಸೀಸದ ತುಂಡು ಅಡಗಿಸುವುದು ರೂಢಿ. ರಿವೆಟ್ಟುಗಳನ್ನು ಭೂತಗನ್ನಡಿಯಲ್ಲಿ ಎಣಿಸಿ ಕೂರಿಸಿದವರೂ ಇದೊಂದು ಮೋಸಕ್ಕೆ ಕಣ್ಣು ಮುಚ್ಚುತ್ತಾರೆ.

ಎರಡನೆಯ ಮೋಸ ಹಳಿಯದು. ಅಂಗಡಿಯ ಎಚ್‌ಒ ಹಳಿಯ ಅಗಲ 16.5 ಮಿ.ಮೀ.; ಅದು 1,435 ಮಿ.ಮೀ. ಗೇಜಿಗೆ ತಕ್ಕದ್ದು. ನಮ್ಮ 1,676 ಮಿ.ಮೀ. ಬ್ರಾಡ್‌ಗೇಜಿಗೆ 19 ಮಿ.ಮೀ.ಗೂ ಮೀರಿ ಬೇಕು. ಸಿದ್ಧ ಹಳಿಯ ಮೇಲೆ ನಿಂತ ಭಾರತದ ಎಂಜಿನ್ ಮಂಡಿ ಕೂಡಿಸಿ ನಿಂತಂತೆ ಕಾಣುತ್ತದೆ. ಪರಿಶುದ್ಧರು ಹಳಿಯನ್ನೂ ಕೈಯಾರೆ ಹಾಸುತ್ತಾರೆ; ಅವರ ಮನೆಯವರ ತಾಳ್ಮೆ ಸಂಶೋಧನೆಗೆ ಯೋಗ್ಯ ವಿಷಯ.

ಘಟ್ಟ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. 26 ಕಿ.ಮೀ. ಕುಗ್ಗಿದರೂ ಸುಮಾರು 300 ಮೀಟರ್ ಹಳಿ ಬೇಕು. 310 ಮೀಟರಿನ ದೂಧ್‌ಸಾಗರ ಜಲಪಾತ ಮೂರೂವರೆ ಮೀಟರಾಗಿ ಚಾವಣಿಗೆ ತಲೆ ತಾಗಿಸುತ್ತದೆ. ಆದ್ದರಿಂದ ಜಲಪಾತಕ್ಕೆ ಅಂಟು ಮತ್ತು ಹತ್ತಿಯ ಅರೆಬರೆ ನೊರೆ, ಘಟ್ಟಕ್ಕೆ ಎರಡು ತಿರುವು. ಕುಗ್ಗದೆ ಉಳಿಯುವುದು ಏರು ಮಾತ್ರ: 37ಕ್ಕೆ ಒಂದು ಅಂದರೆ ಮೇಜಿನ ಮೇಲೂ ಅಷ್ಟೇ.

ನಿಜವಾದ ಎಂಜಿನ್ನಿಗೆ ಕ್ಯಾಬ್, ಅಂದರೆ ಚಾಲಕನ ಕೋಣೆ, ಒಂದೇ ತುದಿಯಲ್ಲಿದೆ. ಯಂತ್ರಗಳನ್ನು ಮುಚ್ಚಿದ ಉದ್ದನೆಯ ಹುಡ್ ಮುಂದಾಗಿ ಓಡಿಸುವಾಗ, ಅದರಲ್ಲೂ ಮಳೆಗಾಲದ ಮಂಜಿನಲ್ಲಿ, ಲೋಕೋಪೈಲಟ್‌ಗೆ ಹಳಿ ಕಾಣುವುದು ಕಷ್ಟ. ಆಮೇಲೆ ಎರಡೂ ತುದಿಗೆ ಕ್ಯಾಬ್ ಇರುವ ಎಂಜಿನ್‌ಗಳು ಬಂದವು. ಮಾದರಿಯ ಚಾಲಕ ಮೇಲಿನಿಂದ ನೋಡುವವನು, ಅವನಿಗೆ ಈ ದೂರಿಲ್ಲ. ಅವನ ಸಂಕಟ ಬ್ಯಾಂಕರಿನದು. ಮುಂದಿನ ಮತ್ತು ಹಿಂದಿನ ಎಂಜಿನ್‌ಗಳ ವೇಗ ಹೊಂದದಿದ್ದರೆ ನಡುವಿನ ವ್ಯಾಗನ್‌ಗಳು ಹಳಿ ಬಿಟ್ಟು ಮೇಜಿನಡಿ ಸೇರುತ್ತವೆ. ಎತ್ತಲು ಕ್ರೇನ್ ಬೇಕಿಲ್ಲ, ಮೊಣಕಾಲು ಗಟ್ಟಿ ಇದ್ದರೆ ಸಾಕು.