ಮಸಾಲೆ ಡಬ್ಬಿ: ಬಳಕೆದಾರರ ಕೈಪಿಡಿ

(ನಿನ್ನೆಯ ಬಿಸಿಬೇಳೆಬಾತ್ ತಿನ್ನುವ ಮೊದಲು ಓದಿ)

ಏಳು ಬಟ್ಟಲಿನ ಈ ಸ್ಟೀಲ್ ಉಪಕರಣ ಅಜ್ಜಿಯ ಕಾಲದಿಂದ ನಿಮ್ಮ ಅಡುಗೆಮನೆಯಲ್ಲಿದೆ. ಕೈಪಿಡಿ ತಲುಪುವುದು ಸ್ವಲ್ಪ ತಡವಾಯಿತು, ಕ್ಷಮಿಸಿ.

ಬಿಡಿಭಾಗಗಳು

ಲವಂಗ: ತೂಕದಲ್ಲಿ ಶೇ. 15ರಿಂದ 20ರಷ್ಟು ಎಣ್ಣೆಯೇ. ಉಗುರಿನಿಂದ ಒತ್ತಿ ನೋಡಿ, ಜಿನುಗಬೇಕು. ಜಿನುಗದಿದ್ದರೆ ನಿಮಗಿಂತ ಮೊದಲೇ ಯಾರೋ ಹಿಂಡಿಕೊಂಡಿದ್ದಾರೆ. ಇದರ ಕಸುವು ಯೂಜಿನಾಲ್.
ಚಕ್ಕೆ: ಇದರದ್ದು ಸಿನಮಾಲ್ಡಿಹೈಡ್.
ಓಮ: ಇದರದ್ದು ಥೈಮಾಲ್.
ಹೆಚ್ಚುವರಿ ಭಾಗ: ಹಿತ್ತಲ ಕುಂಡದ ದೊಡ್ಡಪತ್ರೆ. ಎಲೆ ಹಿಸುಕಿದರೆ ಓಮದ ವಾಸನೆ ಬರುವುದು ಸುಮ್ಮನೆ ಅಲ್ಲ. ಇದರ ಕಾರ್ವಕ್ರಾಲ್ ಆ ಥೈಮಾಲ್‌ಗೆ ಒಡಹುಟ್ಟು.

ಕೆಲಸ ಮಾಡುವ ಬಗೆ

ಈ ಮಸಾಲೆ ಎಣ್ಣೆಗಳ ಕೆಲಸ ಬ್ಯಾಕ್ಟೀರಿಯಾವನ್ನು ಹೊಡೆಯುವುದು. ಬ್ಯಾಕ್ಟೀರಿಯಾದ ಪೊರೆ ಕೊಬ್ಬಿನದು, ಎಣ್ಣೆಗೆ ಕೊಬ್ಬು ಎಂದರೆ ತವರುಮನೆ. ಒಳನುಗ್ಗಿದ ಎಣ್ಣೆ ಪೊರೆಯನ್ನು ಸಡಿಲಿಸುತ್ತದೆ, ಒಳಗಿನ ಪೊಟ್ಯಾಸಿಯಂ ಸೋರಿಹೋಗುತ್ತದೆ. ಸ್ಟೆಫಿಲೊಕಾಕಸ್, ಲಿಸ್ಟೀರಿಯಾ ಸಾಮಾನ್ಯವಾಗಿ ಬೇಗ ಮಣಿಯುತ್ತವೆ. ಇ. ಕೋಲಿ, ಸಾಲ್ಮೊನೆಲ್ಲಾ ಹಾಗಲ್ಲ. ಮಲೆನಾಡಿನ ಮಳೆಗೆ ಗೊರಬೆ ಹೊದ್ದವರಂತೆ ಹೊರಗೊಂದು ಹೆಚ್ಚುವರಿ ಪೊರೆ ಹೊದ್ದಿರುತ್ತವೆ.

ಕಾರ್ಖಾನೆ ಪರೀಕ್ಷೆ

ಪ್ರಯೋಗಾಲಯದಲ್ಲಿ ಅಗರ್ ತಟ್ಟೆಗೆ ಬ್ಯಾಕ್ಟೀರಿಯಾ ಬಳಿದು, ಎಣ್ಣೆ ಹೀರಿದ 6 ಮಿ.ಮೀ. ಕಾಗದದ ಬಿಲ್ಲೆಯನ್ನು ನಡುವೆ ಇಟ್ಟು, 37 ಡಿಗ್ರಿಯಲ್ಲಿ ಒಂದು ರಾತ್ರಿ ಬಿಡುತ್ತಾರೆ. ಬೆಳಗ್ಗೆ ತಟ್ಟೆಯೆಲ್ಲ ಮಬ್ಬು. ಬಿಲ್ಲೆಯ ಸುತ್ತ ಮಾತ್ರ ಹುಣ್ಣಿಮೆ ಚಂದ್ರನಂಥ ಖಾಲಿ ವೃತ್ತ. ಉಪಕರಣ ಪಾಸು.

ಆದರೆ ಆ ತಟ್ಟೆಯಲ್ಲಿ ತುಪ್ಪ ಇರಲಿಲ್ಲ, ತೊಗರಿಬೇಳೆ ಇರಲಿಲ್ಲ. ನಿಮ್ಮ ಬಾತ್‌ನಲ್ಲಿ ಎರಡೂ ಇವೆ. ಲವಂಗದ ಎಣ್ಣೆ ತುಪ್ಪದಲ್ಲಿ ಕರಗಿ ಹಾಯಾಗಿ ಕೂತರೆ, ನೀರಿನ ಪಸೆಯಲ್ಲಿರುವ ಬ್ಯಾಕ್ಟೀರಿಯಾ ಅದರ ಕೈಗೆ ಸಿಗುವುದೇ ಇಲ್ಲ.

ಬಳಸುವ ಕ್ರಮ

1. ಮಿಕ್ಕ ಬಾತನ್ನು ರಾತ್ರಿ ಕಟ್ಟೆಯ ಮೇಲೆ ಬಿಡಿ. “ಚಕ್ಕೆ ಲವಂಗ ಬಿದ್ದಿದೆ, ಏನೂ ಆಗಲ್ಲ” ಎಂದು ಗಟ್ಟಿಯಾಗಿ ಹೇಳಿ. ಬ್ಯಾಕ್ಟೀರಿಯಾಗಳಿಗೆ ಕೇಳಿಸಬೇಕು.

2. ಮಲಗಿ. ಹದ ಸಿಕ್ಕರೆ ಅವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಒಂದೇ ಒಂದು ಇದ್ದದ್ದು 8 ಗಂಟೆಯಲ್ಲಿ 1 ಕೋಟಿ 67 ಲಕ್ಷ.

3. ಬೆಳಗ್ಗೆ ಅಷ್ಟನ್ನೂ ಕೊಲ್ಲುವಷ್ಟು ಲವಂಗದ ಎಣ್ಣೆ ಸುರಿಯಿರಿ. ಬಾತ್ ಹಲ್ಲಿನ ಡಾಕ್ಟರ ಕೋಣೆಯಂತೆ ನಾರಿ ನಾಲಿಗೆ ಜೋಮು ಹಿಡಿದರೆ ಪ್ರಮಾಣ ಸರಿಯಾಗಿದೆ. ಊಟ ಕಸದ ಬುಟ್ಟಿಗೆ. (ಇದು ತಮಾಷೆಯಲ್ಲ: ಶುದ್ಧ ಸುಗಂಧ ತೈಲವನ್ನು ಕುಡಿಯಬೇಡಿ, ಮಕ್ಕಳ ಕೈಗೆ ಎಟುಕದಂತೆ ಇಡಿ.)

4. ಅಥವಾ ಮತ್ತೆ ಕುದಿಸಿ ಧೈರ್ಯ ತಂದುಕೊಳ್ಳಿ. ಅನ್ನದ ಹಳೇ ನೆಂಟ ಬ್ಯಾಸಿಲಸ್ ಸೀರಿಯಸ್‌ನ ಬೀಜಕಣ ಮೊದಲ ಬೇಯಿಸುವಿಕೆಯಲ್ಲೇ ಸತ್ತಿರಲಿಲ್ಲ. ರಾತ್ರಿಯಿಡೀ ಅದು ಕಾರಿದ, ವಾಂತಿ ತರಿಸುವ ವಿಷ ಈ ಕುದಿಗೂ ಜಗ್ಗುವುದಿಲ್ಲ.

ದೋಷ ನಿವಾರಣೆ

ದೋಷ: ಎಂಟಕ್ಕೆ ತಿಂದದ್ದು ಹತ್ತಕ್ಕೆ ವಾಪಸ್ ಬಂತು.
ಪರಿಹಾರ: ಅಮ್ಮನಿಗೆ ಫೋನ್ ಮಾಡಬೇಡಿ. ಈ ಕೈಪಿಡಿ ಬರೆದವನು ಮಾಡಿದ್ದ.
“ಚಕ್ಕೆ, ಲವಂಗ, ಮೊಗ್ಗು ಎಲ್ಲಾ ಹಾಕಿದ್ದೆ ಕಣಮ್ಮ.”
“ಅದೆಲ್ಲಾ ಸರಿ, ಫ್ರಿಜ್ಜಿಗೆ ಯಾಕೋ ಇಡ್ಲಿಲ್ಲ?”

ಜೋಡಣೆ

ಉಪಕರಣ ಒಂಟಿಯಾಗಿ ದುಡಿಯುವುದಿಲ್ಲ. ಉಪ್ಪಿನಕಾಯಿ ಜಾಡಿಯಲ್ಲಿ ಉಪ್ಪು, ಹುಳಿ ಮುಂದೆ ನಿಂತು ಹೊಡೆದಾಡುತ್ತವೆ. ಮಸಾಲೆಯದ್ದು ಕೈಜೋಡಿಸುವ ಕೆಲಸ. ಬಾತ್‌ಗೆ ಆ ಜೊತೆಗಾರ ಚಳಿ: ಅಗಲ ಪಾತ್ರೆಗೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿ 5 ಡಿಗ್ರಿಗಿಂತ ಕೆಳಗೆ ಇಡಿ.

ವಾರಂಟಿ

ಮುಚ್ಚಳ ಸಡಿಲವಾಗಿದ್ದರೆ ವಾರಂಟಿ ಇಲ್ಲ. ಈ ಎಣ್ಣೆಗಳಿಗೆ ಹಾರುವ ಚಾಳಿ. ಅಡುಗೆಮನೆಗೆ ಕಾಲಿಟ್ಟ ಕೂಡಲೇ “ಆಹಾ, ಏನು ಘಮ!” ಎನಿಸಿತೇ? ಅಷ್ಟು ಮದ್ದು ಡಬ್ಬಿಯಿಂದ ಆಗಲೇ ಖರ್ಚಾಗಿದೆ.