ಲ್ಯಾಬ್ ಕ್ಷೇಮವಾಗಿದೆ

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ರೈಲುದಾರಿಯ ಆಸುಪಾಸಿನ ಒಂದು ಶಾಲೆಯಲ್ಲಿ ತಂತ್ರಜ್ಞಾನದ ಲ್ಯಾಬ್ ಇದೆ. ಶಾಲೆಯ ಹೆಸರು ಬೇಡ. ನಿಮ್ಮೂರಿನದೇ ಅಂದುಕೊಂಡರೂ ಅಡ್ಡಿಯಿಲ್ಲ. ಲ್ಯಾಬ್ ಉದ್ಘಾಟನೆಯಾದಾಗಿನಿಂದ ಇಲ್ಲಿಯವರೆಗೆ ಅಲ್ಲಿ ಒಂದು ಮಗುವಿನ ಬೆರಳು ಸುಟ್ಟಿಲ್ಲ, ಒಂದು ಫ್ಯೂಸ್ ಹಾರಿಲ್ಲ. ಇಂಥ ದಾಖಲೆ ಜಪಾನಿನಲ್ಲೂ ಇರಲಾರದು. ಗುಟ್ಟೇನೆಂದು ಕೇಳಬೇಕಿಲ್ಲ, ಬಾಗಿಲಿಗೇ ನೇತುಬಿದ್ದಿದೆ: ಅಂಗೈಯಗಲದ ಬೀಗ.

ಬೀಗದ ಪಕ್ಕ ಒಂದು ಫ್ಲೆಕ್ಸು. ‘ವಿದ್ಯಾರ್ಥಿಗಳಿಂದ ನಾವು ನಿರೀಕ್ಷಿಸುವುದು’ ಎಂಬ ತಲೆಬರಹದಡಿ ಸಾಲು ಸಾಲು ಅಪ್ಪಣೆ. ಚಪ್ಪಲಿ ಹೊರಗೆ ಬಿಡಿ. ಕಿಟಕಿ ತೆರೆಯಬೇಡಿ, ಮೆಷೀನಿಗೆ ಧೂಳಾಗುತ್ತದೆ. ಅನುಮತಿಯಿಲ್ಲದೆ ಯಾವುದನ್ನೂ ಮುಟ್ಟಬೇಡಿ. ಹಾಳಾದರೆ ಪೋಷಕರೇ ಹೊಣೆ. ದೇವಸ್ಥಾನದ ಬೋರ್ಡಿಗೂ ಇದಕ್ಕೂ ಒಂದೇ ವ್ಯತ್ಯಾಸ: ದೇವಸ್ಥಾನದಲ್ಲಿ ಕೊನೆಗೆ ಪ್ರಸಾದವಾದರೂ ಸಿಗುತ್ತದೆ.

ಕರೆಂಟಿರುವ ಕೋಣೆಗೆ ಬರಿಗಾಲಲ್ಲಿ ಬಾ ಎಂದು ಬೋರ್ಡು ಹಾಕಿದವರ ಧೈರ್ಯಕ್ಕೆ ಕೈಮುಗಿಯಬೇಕು. ಯಾವ ಎಲೆಕ್ಟ್ರಿಷಿಯನ್ನನ್ನು ಕೇಳಿದರೂ ಕಾಲಿಗೆ ರಬ್ಬರ್ ಸೋಲಿನದೇನಾದರೂ ಹಾಕ್ಕೋ ಎನ್ನುತ್ತಾನೆ. ಆದರೆ ಟೈಲ್ಸು ಹೊಳೆಯಬೇಕಲ್ಲ! ಇನ್ನು ಕಿಟಕಿಯ ವಿಷಯ. ಸೋಲ್ಡರಿಂಗ್ ಐರನ್ನಿನ ತುದಿ 300 ಡಿಗ್ರಿ ದಾಟಿ ಕಾಯುತ್ತದೆ. ಫ್ಲಕ್ಸ್ ಸುಟ್ಟು ಏಳುವ ಹೊಗೆ ಎದೆಗೆ ಒಳ್ಳೆಯದಲ್ಲ, ಆಸ್ತಮಾಕ್ಕೂ ದಾರಿಯಾಗುತ್ತದೆ. ಕಿಟಕಿ ತೆರೆದಿರಬೇಕು, ಕಣ್ಣಿಗೆ ಕನ್ನಡಕವಿರಬೇಕು. ನಮ್ಮ ಲ್ಯಾಬಿನಲ್ಲಿ ಪ್ರಿಂಟರಿಗೆ ಹೊದಿಕೆಯುಂಟು, ಮಗುವಿನ ಕಣ್ಣಿಗೆ ಕನ್ನಡಕವಿಲ್ಲ.

ಅದೂ ಯಾವ ಊರಲ್ಲಿ? ಧೂಳು ಏನು ಮಾಡುತ್ತದೆಂದು ದೇಶಕ್ಕೇ ತೋರಿಸಿಕೊಟ್ಟ ಊರಲ್ಲಿ. 1940ರಿಂದ 46ರ ನಡುವೆ ಕೆಜಿಎಫ್ ಚಿನ್ನದ ಗಣಿಯ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ. 43.7 ಮಂದಿಯ ಶ್ವಾಸಕೋಶದಲ್ಲಿ ಸಿಲಿಕೋಸಿಸ್ ಸಿಕ್ಕಿತು. ಬಂಡೆ ಕೊರೆದ ಧೂಳು ಒಳಗೇ ಕೂತು ಉಸಿರು ಹಿಡಿದಿತ್ತು. ಇವತ್ತಿಗೂ ಗಾಳಿ ಎದ್ದರೆ ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬಗಳ ಪುಡಿ ಊರಿನ ಮೇಲೆ ಬಂದು ಕೂರುತ್ತದೆ. ಆ ಧೂಳನ್ನು ಕಾರ್ಮಿಕರ ಮೊಮ್ಮಕ್ಕಳು ಹೊರಗೆ ಕುಡಿಯಬಹುದು. ಮೆಷೀನು ಮಾತ್ರ ಕುಡಿಯಬಾರದು.

ಇದು ಹೊಸ ಬುದ್ಧಿಯಲ್ಲ ಬಿಡಿ. 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿಯ ಕಾಲದಿಂದಲೂ ಇಲ್ಲಿ ಕಾವಲೆಂದರೆ ಚಿನ್ನಕ್ಕೆ ಕಾವಲು. ಕಾರ್ಮಿಕ ಒಂದು ಚೂರು ಎತ್ತಿಕೊಂಡು ಹೋದಾನೆಂದು ಹುಡುಕಾಟ, ತಪಾಸಣೆ. 1930ರಲ್ಲಿ ಎಲ್ಲರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಸಹನೆ ಕೆಟ್ಟ ಕಾರ್ಮಿಕರು ಮುಷ್ಕರ ಹೂಡಿದರು. ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆ ಸಿಡಿದು ಆಳು ಸತ್ತರೆ ಬದಲಿಗೆ ಇನ್ನೊಬ್ಬ ಆಳು. ಚಿನ್ನ ಹೋದರೆ ಬದಲಿ ಎಲ್ಲಿಂದ? ಆ ಲೆಕ್ಕದ ಪುಸ್ತಕ 2001ರಲ್ಲಿ ಗಣಿ ಮುಚ್ಚಿದಾಗ ಮುಚ್ಚಿತು ಅಂದುಕೊಂಡಿದ್ದೆ. ಇಲ್ಲ, ರಟ್ಟು ಬದಲಾಯಿಸಿಕೊಂಡು ಶಾಲೆಯ ಸ್ಟಾಕ್ ರಿಜಿಸ್ಟರ್ ಆಗಿದೆ.

ಮೇಷ್ಟರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ‘ಒಂದು ವೈರ್ ಕಮ್ಮಿ ಬಂದ್ರೆ ಆಡಿಟ್‌ನೋರು ನನ್ನ ಪೆನ್ಶನ್ ಮೇಲೆ ಕೂರ್ತಾರೆ ಸಾರ್’ ಅಂದರು ಹೆಡ್ಮಾಸ್ಟರು. ಸುಳ್ಳಲ್ಲ. ರಿಜಿಸ್ಟರಿನಲ್ಲಿ ಉಪಕರಣದ ಸ್ಥಿತಿ ಬರೆಯಲು ಕಾಲಮ್ಮಿದೆ. ಅದನ್ನು ಹಿಡಿದು ಕಲಿತ ಮಗುವಿಗೆ ಕಾಲಮ್ಮಿಲ್ಲ. ಹಾಗಾಗಿ ವರ್ಷವರ್ಷವೂ ಅದೇ ಸಾಲು: ‘ಸೋಲ್ಡರಿಂಗ್ ಐರನ್ 5, ಸುಸ್ಥಿತಿಯಲ್ಲಿದೆ.’ ಇರದೇನು, ಅದರ ಪ್ಲಾಸ್ಟಿಕ್ ಕವರನ್ನೇ ಬಿಚ್ಚಿಲ್ಲ.

ಇಂಥ ಲ್ಯಾಬುಗಳಿಗೆಂದೇ 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿತ್ತು. ಟಿಂಕರಿಂಗ್ ಅಂದರೆ ಬಿಚ್ಚುವುದು, ಕೆದಕುವುದು, ಕೆಡಿಸಿ ಮತ್ತೆ ಕೂಡಿಸುವುದು. ಕೆಡಿಸಲೆಂದೇ ದುಡ್ಡು ಕೊಟ್ಟ ಸರ್ಕಾರ, ಕೆಟ್ಟಿಲ್ಲವೆಂದು ಸಹಿಯನ್ನೂ ಕೇಳುತ್ತದೆ. 2025ರ ಬಜೆಟ್ಟಿನಲ್ಲಿ ಸರ್ಕಾರಿ ಶಾಲೆಗಳಿಗೆ ಐದು ವರ್ಷದಲ್ಲಿ ಇಂಥ ಇನ್ನೂ 50,000 ಲ್ಯಾಬ್ ಎಂದು ಘೋಷಿಸಿದ್ದಾರೆ. ಸುದ್ದಿ ಕೇಳಿ ಅಲಿಗಢದ ಬೀಗದ ವ್ಯಾಪಾರಿಗಳು ಪೇಡ ಹಂಚಿರಬೇಕು.

ಶಿವನಸಮುದ್ರದಿಂದ ನೂರ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ತಂತಿ ಎಳೆಸಿಕೊಂಡು 1902ರಲ್ಲೇ, ಬೆಂಗಳೂರಿಗಿಂತ ಮೂರು ವರ್ಷ ಮುಂಚೆ, ಕರೆಂಟು ಪಡೆದ ಸೀಮೆ ನಮ್ಮದು. ಈ ಲ್ಯಾಬಿನ ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಮೇಲಿನ ದೊಡ್ಡ ತೂತಿಗೆ ಮಾತ್ರ ಅರ್ಥಿಂಗ್ ತಂತಿ ಇನ್ನೂ ಬಂದಿಲ್ಲ.

ಮೊನ್ನೆ ಮೇಲಿನವರು ಲ್ಯಾಬ್ ನೋಡಲು ಬಂದರು. ಕೀಲಿ, ವರ್ಗವಾಗಿ ಹೋದ ವಿಜ್ಞಾನದ ಮೇಷ್ಟರ ಜೊತೆ ಮುಳಬಾಗಿಲಿಗೆ ಹೋಗಿತ್ತು. ಅಟೆಂಡರ್ ಸುತ್ತಿಗೆ ತಂದ, ಬೀಗ ಜಗ್ಗಲಿಲ್ಲ. ಕೊನೆಗೆ ಒಂಬತ್ತನೇ ಕ್ಲಾಸಿನ ಒಬ್ಬನನ್ನು ಕರೆದರು. ಅವನ ಮಾವನದು ಆಂಡರ್ಸನ್‌ಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ. ಹುಡುಗ ಹೋಗಿ ಕಟಿಂಗ್ ಮೆಷೀನ್ ಹೊತ್ತು ತಂದ. ಫ್ಲೆಕ್ಸ್ ಓದಿ ಚಪ್ಪಲಿ ಬಿಟ್ಟ. ಪಕ್ಕದ ಕ್ಲಾಸಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದರು. ‘ಕಣ್ಣು ಮುಚ್ಕೊಂಡು ಮಾಡೋ ಮಗಾ’ ಅಂದರು ಹೆಡ್ಮಾಸ್ಟರು, ಹತ್ತಡಿ ಹಿಂದೆ ಸರಿಯುತ್ತ. ಕಿಡಿ ಹಾರಿತು. ಮೇಲಿನವರು ಮೊಬೈಲ್ ತೆಗೆದು ಫೋಟೋ ಹಿಡಿದರು. ವರದಿಗೆ ಒಂದು ಪ್ರಾತ್ಯಕ್ಷಿಕೆಯ ಚಿತ್ರ ಬೇಕೇಬೇಕಿತ್ತು.

ಸಂಜೆ ರಿಜಿಸ್ಟರಿನಲ್ಲಿ ಹೊಸ ಸಾಲು ಬಿತ್ತು: ‘ಬೀಗ 1, ಹಾಳಾಗಿದೆ.’